ವೈದ್ಯರು ಕೇಳಬೇಕಾದ ಒಂದು ಪ್ರಶ್ನೆ

ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರು ಆಗಾಗ ಸಭೆ ಸೇರಿ ಅಪೂರ್ವ ರೋಗಿಗಳ ವಿಚಾರ ಚರ್ಚಿಸುವ ಪದ್ಧತಿ ಉಂಟು. ಎಂದಿನ ಜ್ವರದಂತಲ್ಲದ ಜ್ವರ, ಪುಸ್ತಕದಲ್ಲಿ ಬರೆದಂತೆ ನಡೆಯದ ಕೆಮ್ಮು, ಔಷಧಿಗೆ ಬಗ್ಗದ ನೋವು, ಇಂಥವುಗಳನ್ನು ಒಬ್ಬರು ಎದ್ದು ನಿಂತು ವಿವರಿಸುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ವಿಷಯ ಗಟ್ಟಿಯಾಗಿದ್ದರೆ ಅದು ಇಂಗ್ಲಿಷಿನ ವೈದ್ಯ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇದಕ್ಕೆ ಅವರು ಸಂಶೋಧನೆ ಎನ್ನುತ್ತಾರೆ. ಸಂಶೋಧನೆಯೇ ಸರಿ. ವೈದ್ಯಶಾಸ್ತ್ರ ಬೆಳೆದದ್ದು ಹೀಗೆಯೇ.

ಇದು ವಿದ್ವಾಂಸರ ವಿಷಯ, ಗೇರು ಕಾರ್ಖಾನೆಯವರಿಗೂ ಜಿನಸು ಅಂಗಡಿಯವರಿಗೂ ಇದರಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಕೆಲಸ ಬಹಳ ಉಂಟು. ಆ ವರದಿಗಳಲ್ಲಿ "45 ವರ್ಷದ ಗಂಡಸು", "30 ವರ್ಷದ ಹೆಂಗಸು" ಎಂದು ಹೆಸರಿಲ್ಲದೆ ಬರುವವರು ಯಾರು? ಹೆಚ್ಚಿನವರು ಸರಕಾರಿ ಆಸ್ಪತ್ರೆಯ ಮಂಚದಲ್ಲಿ ಮಲಗಿದವರು, ಎಂದರೆ ನಮ್ಮವರು. ಹೆಸರು ಹಾಕದಿರುವುದು ನ್ಯಾಯವೇ. ಆದರೆ ಹೆಸರಿನ ಸಂಗಡ ಅವನ ಕೆಲಸವನ್ನೂ ಬಿಟ್ಟುಬಿಟ್ಟರೆ ರೋಗದ ಅರ್ಧ ಕಥೆ ಹೋಯಿತು. ನಾವು ಇಲ್ಲಿ ಹೇಳಹೊರಟಿರುವುದು ಈ ಬಿಟ್ಟುಹೋದ ಅರ್ಧದ ಕುರಿತು.

ಇದು ಹೊಸ ಮಾತಲ್ಲ. ಇಟಲಿಯ ಮೊಡೆನಾ ಪಟ್ಟಣದಲ್ಲಿ ಬರ್ನಾರ್ಡಿನೋ ರಮಜ್ಜೀನಿ ಎಂಬ ವೈದ್ಯನಿದ್ದನು. ಅವನ ಮನೆಯ ಮಲಗುಂಡಿ ಖಾಲಿ ಮಾಡಲು ಬಂದ ಕೆಲಸಗಾರ ಬಹಳ ಅವಸರ ಮಾಡುವುದನ್ನು ಕಂಡು, ಅಷ್ಟು ಅವಸರ ಯಾಕೆ ಎಂದು ಕೇಳಿದನು. ಅದರೊಳಗೆ ಹೆಚ್ಚು ಹೊತ್ತು ನಿಂತರೆ ಕಣ್ಣು ಹೋಗುತ್ತದೆ ಎಂಬ ಉತ್ತರ ಬಂತು. ರಮಜ್ಜೀನಿ ಅಷ್ಟಕ್ಕೆ ಸುಮ್ಮನಾಗದೆ ಆ ಕೆಲಸ ಮಾಡುವ ಇತರರ ಕಣ್ಣುಗಳನ್ನೂ ಹೋಗಿ ನೋಡಿದನು. ಹಾಗೆ ಶುರುವಾದ ವಿಚಾರಣೆ 1700ರಲ್ಲಿ ಕೆಲಸಗಾರರ ರೋಗಗಳ ಮೇಲಿನ ಒಂದು ಗ್ರಂಥವಾಯಿತು. ವೈದ್ಯರು ರೋಗಿಯನ್ನು ಕೇಳುವ ಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಬೇಕೆಂದು ಅವನು ಅದರಲ್ಲಿ ಬರೆದನು: ನಿನ್ನ ಕಸುಬು ಯಾವುದು? ಮುನ್ನೂರು ವರ್ಷ ಕಳೆದರೂ ನಮ್ಮ ಆಸ್ಪತ್ರೆ ಚೀಟಿಯಲ್ಲಿ ಹೆಸರು, ಪ್ರಾಯ, ಗಂಡು-ಹೆಣ್ಣು ಬರೆದ ಮೇಲೆ ಈ ಪ್ರಶ್ನೆಗೆ ಜಾಗ ಇರುವುದು ಅಪರೂಪ.

ಕಿರ್ದಿ ಮತ್ತು ಖಾತೆ

ನಮ್ಮ ವ್ಯಾಪಾರಿ ಬಂಧುಗಳಿಗೆ ಈ ವಿಷಯ ಬೇಗ ಹಿಡಿಯುತ್ತದೆ. ಅಂಗಡಿಯಲ್ಲಿ ಆಯಾ ದಿನದ ವ್ಯವಹಾರವನ್ನು ಮೊದಲು ಕಿರ್ದಿಗೆ ಬರೆಯುತ್ತಾರೆ. ಬರೇ ಕಿರ್ದಿ ನೋಡಿ ಲಾಭ-ನಷ್ಟ ತಿಳಿಯದು. ಒಂದೊಂದು ರಕಮನ್ನೂ ಅದರದರ ಖಾತೆಗೆ ಎತ್ತಿ ಹಾಕಿದಾಗ ಮಾತ್ರ ಸಾಮಾನು ಎಲ್ಲಿ ಸೋರುತ್ತದೆ, ಬಾಕಿ ಯಾರಲ್ಲಿ ನಿಂತಿದೆ ಎಂದು ಗೊತ್ತಾಗುತ್ತದೆ. ಒಬ್ಬ ರೋಗಿಯ ವಿವರವೆಂದರೆ ಕಿರ್ದಿಯ ಒಂದು ಸಾಲು. ಅದರಿಂದ ಸಿದ್ಧಾಂತ ಹೊರಡದು. ಅದೇ ಊರಿನ, ಅದೇ ಕೆಲಸದ, ಅದೇ ತಿಂಗಳಿನ ಹತ್ತು ರೋಗಿಗಳನ್ನು ಒಂದು ಖಾತೆಯಲ್ಲಿ ಇಟ್ಟು, ಆ ಕೆಲಸ ಮಾಡದವರ ಇನ್ನೊಂದು ಖಾತೆಯೊಡನೆ ತಾಳೆ ನೋಡಿದರೆ ಆಗ ಸತ್ಯ ಕಾಣುತ್ತದೆ. ಆಸ್ಪತ್ರೆಯ ಸಂಶೋಧನೆಯ ಗುಟ್ಟು ಇಷ್ಟೇ. ಕಸುಬು ಬರೆಯದಿದ್ದರೆ ಖಾತೆಗೆ ತಲೆಬರಹವೇ ಇಲ್ಲ. ಹತ್ತು ರೋಗಿಗಳು ಹತ್ತು ಅಪೂರ್ವ ರೋಗಿಗಳಾಗಿಯೇ ಉಳಿಯುತ್ತಾರೆ.

ಈ ಮಾತಿಗೆ ಸಾಕ್ಷಿ ಹುಡುಕಿ ದೂರ ಹೋಗಬೇಕಾಗಿಲ್ಲ. ಬೆಳ್ತಂಗಡಿ ತಾಲೂಕೇ ಸಾಕ್ಷಿ.

ಕ್ಯಾಸನೂರಿನಿಂದ ನಿಡ್ಲೆಗೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನಲ್ಲಿ ಕ್ಯಾಸನೂರು ಎಂಬ ಕಾಡು ಇದೆ. 1957ರ ಆರಂಭದಲ್ಲಿ ಅಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಜ್ವರ ಹಿಡಿಯಿತು. ಮೊದಲು ಅದನ್ನು ಟೈಫಾಯಿಡ್ ಜಾತಿಯ ಜ್ವರವೆಂದು ಸಂಶಯಿಸಿದರು. ಮಂಗಗಳೂ ಸಾಯುತ್ತಿದ್ದುದರಿಂದ, ದಕ್ಷಿಣ ಅಮೆರಿಕದ ಕಾಡುಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಭಯವೂ ಹುಟ್ಟಿತು. 1952ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಸತ್ತ ಮಂಗದಿಂದ ರೋಗಾಣುವನ್ನು ಬೇರ್ಪಡಿಸಿದರು. ಅದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಜ್ವರಗಳ ಕುಲಕ್ಕೆ ಸೇರಿದ, ಆದರೆ ಜಗತ್ತಿಗೇ ಹೊಸತಾದ ರೋಗ ಎಂದು ತೀರ್ಮಾನವಾಯಿತು. ಟೆಲ್‌ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಅದೇ ವರ್ಷ ವಿಷಯವನ್ನು ಪ್ರಕಟಿಸಿದರು. ರೋಗಕ್ಕೆ ಕಾಡಿನ ಹೆಸರು ಬಂತು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದು ಕರೆದರು.

ರೋಗದ ನಡೆಯನ್ನು ವಾಚಕರು ತಿಳಿದಿರಬೇಕು. ಉಣುಗು ಕಚ್ಚಿ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಚಳಿಜ್ವರ, ಹಣೆಯಲ್ಲಿ ಸಿಡಿಯುವ ನೋವು, ಕುತ್ತಿಗೆ, ಸೊಂಟ ಮತ್ತು ಮೀನಖಂಡಗಳಲ್ಲಿ ತಡೆಯಲಾರದ ನೋವು. ಕಣ್ಣು ಕೆಂಪಾಗುತ್ತದೆ, ವಾಂತಿ-ಭೇದಿ ಆಗಬಹುದು. ಕೆಲವರಿಗೆ ಮೂಗು, ಒಸಡು, ಕರುಳಿನಿಂದ ರಕ್ತ ಹೋಗುತ್ತದೆ. ರಕ್ತದ ಒತ್ತಡ ಇಳಿಯುತ್ತದೆ, ರಕ್ತದ ಬಿಳಿಕಣಗಳೂ ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಕಡಿಮೆಯಾಗುತ್ತವೆ. ಒಂದೆರಡು ವಾರಗಳಲ್ಲಿ ಜ್ವರ ಬಿಡುತ್ತದೆ. ಆದರೆ ಕೆಲವರಿಗೆ ಗುಣವಾಯಿತೆಂದು ಮನೆಗೆ ಹೋದ ಮೇಲೆ ಎರಡನೆಯ ಸಲ ಜ್ವರ ಮರಳಿ ಬಂದು ತಲೆಸುತ್ತು, ಕೈಕಾಲು ನಡುಕ, ಕುತ್ತಿಗೆ ಸೆಟೆಯುವುದು ಮುಂತಾದ ಮಿದುಳಿನ ಲಕ್ಷಣಗಳು ಕಾಣಿಸುತ್ತವೆ. ನೂರು ಮಂದಿಯಲ್ಲಿ ಸುಮಾರು ಮೂರರಿಂದ ಐದು ಮಂದಿ ಸಾಯುತ್ತಾರೆ. ರೋಗಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಹೊತ್ತಿಗೆ ಸರಿಯಾದ ಶುಶ್ರೂಷೆಯೇ ಔಷಧಿ.

ಈ ಲಕ್ಷಣಗಳನ್ನು ಬರೇ ಕಾಗದದಲ್ಲಿ ಓದಿದ ವೈದ್ಯನಿಗೆ ಇದು ಡೆಂಗಿಯಂತೆಯೂ ಇಲಿ ಜ್ವರದಂತೆಯೂ ಟೈಫಾಯಿಡಿನಂತೆಯೂ ಕಾಣುತ್ತದೆ. ಕಳೆದ ವಾರ ಎಲ್ಲಿ ಕೆಲಸಕ್ಕೆ ಹೋಗಿದ್ದೆ ಎಂದು ಕೇಳಿದರೆ ಮಾತ್ರ ಕಾಡು, ಸೊಪ್ಪು, ಕಟ್ಟಿಗೆ, ದನ ಎಂಬ ಉತ್ತರ ಬರುತ್ತದೆ, ದಾರಿ ಸಿಗುತ್ತದೆ.

ಆ ದಾರಿಯನ್ನು ವಿಜ್ಞಾನಿಗಳು ಬಹಳ ಹಿಂದೆಯೇ ಕಂಡಿದ್ದರು. ಹೋರ್ಹೆ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲಿ ಒಂದು ಲೇಖನದಲ್ಲಿ, ಈ ರೋಗ ಮೇಲೇಳುವುದಕ್ಕೂ ಕಾಡನ್ನು ಮನುಷ್ಯರು ಅಲ್ಲಲ್ಲಿ ಒಡೆದು ಸಾಗುವಳಿ ಮಾಡುವುದಕ್ಕೂ ಇರುವ ಸಂಬಂಧವನ್ನು ವಿವರಿಸಿದನು. ಬಲಿತ ಉಣುಗು ದನದ ಮೈಯಲ್ಲಿ ರಕ್ತ ಹೀರಿ ಮೊಟ್ಟೆ ಇಡುತ್ತದೆ. ಮರಿ ಉಣುಗು ಮಂಗನಿಂದಲೋ ಸಣ್ಣ ಪ್ರಾಣಿಗಳಿಂದಲೋ ರೋಗಾಣುವನ್ನು ಪಡೆದು, ಡಿಸೆಂಬರಿನಿಂದ ಮೇ ತನಕ ತರಗೆಲೆಗಳ ಮೇಲೆ ಕಾದಿರುತ್ತದೆ. ಕಾಡಿನ ಅಂಚು ಹೆಚ್ಚಿದಷ್ಟೂ ದನವೂ ಮನುಷ್ಯನೂ ಅಲ್ಲಿಗೆ ಹೆಚ್ಚು ಹೋಗುತ್ತಾರೆ. ಲೆಕ್ಕ ಸರಳವಾಗಿತ್ತು.

ಇದಾಗಿ 13 ವರ್ಷಗಳ ಮೇಲೆ, 1982ರಲ್ಲಿ, ಬೆಳ್ತಂಗಡಿ ತಾಲೂಕಿನ ನಿಡ್ಲೆ-ಪಟ್ರಮೆ ಕಡೆಯಲ್ಲಿ ಸುಮಾರು 400 ಹೆಕ್ಟೇರ್, ಎಂದರೆ ಸಾವಿರ ಎಕ್ರೆಯಷ್ಟು ರಕ್ಷಿತಾರಣ್ಯವನ್ನು ಗೇರು ತೋಟಕ್ಕಾಗಿ ಬೋಳಿಸಿದರು. ಆ ವರ್ಷದ ಕೊನೆಗೆ ರೋಗ ಎದ್ದಿತು. ಮೊದಲು ಮಲಗಿದವರು ಮರ ಕಡಿಯುವ ಕೂಲಿಗಳು. 1983ರ ಬೇಸಗೆ ಮುಗಿಯುವುದರೊಳಗೆ ಸಾವಿರಕ್ಕೂ ಮಿಕ್ಕಿ ಜನ ಹಾಸಿಗೆ ಹಿಡಿದರು, ನೂರಕ್ಕೂ ಮಿಕ್ಕಿ ಜನ ಸತ್ತರು. ಅಷ್ಟರ ತನಕ ಇಷ್ಟು ದೊಡ್ಡ ಹಾವಳಿಯನ್ನು ಶಿವಮೊಗ್ಗ ಜಿಲ್ಲೆಯೂ ಕಂಡಿರಲಿಲ್ಲ.

ಊರವರು ಇದಕ್ಕೆ ತಮ್ಮದೇ ಕಾರಣ ಕೊಟ್ಟರು. ಕಾಡು ಕಡಿದುದಕ್ಕೆ ದೈವಗಳು ಮುನಿದಿವೆ ಎಂದರು. ಆಗ ನಮ್ಮ ಜಿಲ್ಲೆಯಲ್ಲಿ ಅಧ್ಯಯನ ನಡೆಸಿದ ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ವಿದ್ವಾಂಸರು 1987ರಲ್ಲಿ ಇದನ್ನು ಬರೆದಿಟ್ಟು, ಇದು ಅಭಿವೃದ್ಧಿಯಿಂದ ಬಂದ ರೋಗವೆಂದು ಹೆಸರಿಸಿದರು. ನಾವು ದೈವದ ಮುನಿಸನ್ನು ಒಪ್ಪದಿರಬಹುದು. ಆದರೆ ಕಾಡು ಕಡಿದುದಕ್ಕೂ ರೋಗ ಬಂದುದಕ್ಕೂ ಸಂಬಂಧ ಉಂಟೆಂದು ಹಳ್ಳಿಯ ಅಜ್ಜಿಗೆ ಹೊಳೆದದ್ದು, ಆ ಕಾಡು ಕಡಿಯಲು ರುಜು ಹಾಕಿದವರಿಗೆ ಹೊಳೆಯಲಿಲ್ಲ ಎಂಬುದನ್ನಂತೂ ಒಪ್ಪಲೇಬೇಕು. ಸಂಶೋಧನೆ ನಡೆದಿತ್ತು, ಅಚ್ಚಾಗಿತ್ತು. ಅದು ಕೊಡಲಿ ಹಿಡಿದವನಿಗೆ ತಲಪಲಿಲ್ಲ.

ಕೂಲಿ ಬೇಡ, ಕಾಡು ಸಾಕು ಎಂದು ನಾವು ಹೇಳುತ್ತಿಲ್ಲ. ಮರ ಕಡಿಯಲು ಹೋದವನು ಹೊಟ್ಟೆಗಾಗಿ ಹೋದನು. ಅವನಿಗೆ ಕೊಡಲಿ ಕೊಡುವಾಗಲೇ ರೋಗದ ವಿಚಾರ ತಿಳಿಸಿ, ಮೈಕಾಲು ಮುಚ್ಚುವ ಬಟ್ಟೆ ಕೊಟ್ಟು, ಜ್ವರ ಬಂದರೆ ಎಲ್ಲಿಗೆ ಬರಬೇಕೆಂದು ಹೇಳುವ ಹೊಣೆ ಕೆಲಸ ಕೊಟ್ಟವರದು. ಹೊಣೆ ಅವರದಾಗಿತ್ತು, ಸಾವು ಇವರದಾಯಿತು.

ಮಂಗಳೂರಿನ ವೈದ್ಯರು ನೂರು ಮಂಗನ ಕಾಯಿಲೆ ರೋಗಿಗಳ ಲಕ್ಷಣಗಳನ್ನೂ ಶರೀರದೊಳಗಿನ ವಿಕಾರಗಳನ್ನೂ ಹೋಲಿಸಿ ನೋಡಿ 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಲೆಯುಳ್ಳ ಕೆಲಸ. ಮುಂದೆ ಈ ರೋಗವನ್ನು ಗುರುತಿಸಿ ನೋಡಿಕೊಳ್ಳುವ ವೈದ್ಯನು ಇಂಥ ಅಧ್ಯಯನಗಳ ಋಣದಲ್ಲಿದ್ದಾನೆ. ಆ ನೂರು ಮಂದಿಯ ಋಣದಲ್ಲಿಯೂ ಇದ್ದಾನೆ ಎಂಬುದನ್ನು ಮರೆಯಬಾರದು.

ಅದೇ ಗ್ರಾಮಗಳು, ಎರಡನೆಯ ಸಲ

ಕಥೆ ಅಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು. ಗೇರು ಗಿಡಗಳು ಬೆಳೆದವು. ಚಹಾಸೊಳ್ಳೆ ಎಂಬ ಕೀಟದ ಕಾಟ ತಪ್ಪಿಸಲು ನಮ್ಮ ಜಿಲ್ಲೆಯ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಿದರು. ತೋಟದ ಮಗ್ಗುಲಲ್ಲಿಯೇ ಮನೆ, ಬಾವಿ, ತೋಡು, ಶಾಲೆ. ಗಡಿಯಾಚೆ ಕಾಸರಗೋಡಿನಲ್ಲಿಯೂ ಇದೇ ಕೆಲಸ 1970ರ ದಶಕದ ಕೊನೆಯಿಂದ 2000ನೇ ಇಸವಿಯ ತನಕ ನಡೆಯಿತು.

ಕಾಸರಗೋಡಿನ ಕನ್ನಡ ನಾಡಾದ ಪಡ್ರೆ ಗ್ರಾಮದಲ್ಲಿ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ಎಂಬ ವೈದ್ಯರಿದ್ದರು. ದೊಡ್ಡ ಪ್ರಯೋಗಶಾಲೆಯಿಲ್ಲ, ಸಹಾಯಕರಿಲ್ಲ. 1980ರ ದಶಕದಿಂದ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್ ಇವು ಕೆಲವೇ ಮನೆಗಳ ಸುತ್ತ ಗುಂಪುಗೂಡಿರುವುದನ್ನು ಅವರು ಕಂಡರು. ಇದೇಕೆ ಹೀಗೆ ಎಂದು 1990ರ ದಶಕದಲ್ಲಿ ವೈದ್ಯ ಪತ್ರಿಕೆಗೆ ಬರೆದು ಇತರ ವೈದ್ಯರ ನೆರವು ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಊರಿನ ಮಾತನ್ನು ಹೊರಗಿನವರಿಗೆ ತಲಪಿಸಿದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದರು. ಪಡ್ರೆಯ 117 ಮಂದಿ ಗಂಡು ಮಕ್ಕಳನ್ನೂ, ವಿಷ ಸಿಂಪಡಿಸದ ಬೇರೊಂದು ಊರಿನ 90 ಮಂದಿಯನ್ನೂ ಪರೀಕ್ಷಿಸಿ, ಪಡ್ರೆಯ ಮಕ್ಕಳಲ್ಲಿ ಪ್ರಾಯಕ್ಕೆ ಬರುವುದು ತಡವಾಗಿದೆಯೆಂದು 2003ರಲ್ಲಿ ಪ್ರಕಟಿಸಿದರು. ನಾವು ಮೇಲೆ ಹೇಳಿದ ಎರಡು ಖಾತೆಗಳ ತಾಳೆ ಎಂದರೆ ಇದೇ.

ಪ್ರತಿಯೊಬ್ಬ ರೋಗಿಯ ರೋಗಕ್ಕೂ ಆ ವಿಷವೇ ಕಾರಣವೆಂದು ಯಾರೂ ಸಾಧಿಸಲಾರರು. ಕಾರಣದ ವಿಚಾರದಲ್ಲಿ ವಾದ-ವಿವಾದ ನಡೆದೇ ಇದೆ. ಆದರೆ ಅನುಮಾನ ಬಂದಾಗ ಸಿಂಪಡಿಸುವುದನ್ನು ನಿಲ್ಲಿಸಿ ಪರೀಕ್ಷಿಸಬೇಕೋ, ಸಿಂಪಡಿಸುತ್ತಲೇ ಪರೀಕ್ಷಿಸಬೇಕೋ? ಮೊದಲನೆಯದೇ ಧರ್ಮವೆಂದು ಶಾಲೆಯ ಹುಡುಗನೂ ಹೇಳುವನು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ಈ ವಿಷವನ್ನು ತಡೆಯುವ ತನಕ ಎಷ್ಟು ವರ್ಷಗಳಾದವು ಎಂದು ವಾಚಕರೇ ಲೆಕ್ಕ ಹಾಕಲಿ. ನಮ್ಮ ಜಿಲ್ಲೆಯಲ್ಲಿ ಪೀಡಿತರೆಂದು ಸರಕಾರವೇ ಗುರುತಿಸಿದವರ ಸಂಖ್ಯೆ ಮೂರು ಸಾವಿರಕ್ಕೂ ಮಿಕ್ಕಿದೆ. ಪರಿಹಾರದ ಕೂಗು ಮೊದಲು ಎದ್ದ ಗ್ರಾಮಗಳ ಹೆಸರು ಕೊಕ್ಕಡ, ಪಟ್ರಮೆ, ನಿಡ್ಲೆ. 1983ರಲ್ಲಿ ಮಂಗನ ಕಾಯಿಲೆಯಿಂದ ಜನ ಸತ್ತ ಕಡೆಯೇ ಇದು. ಮೊದಲು ಗೇರಿಗಾಗಿ ಕಾಡು ಹೋಯಿತು, ಮತ್ತೆ ಗೇರಿಗಾಗಿ ವಿಷ ಬಂತು. ಎರಡು ಸಲವೂ ಬೆಲೆ ತೆತ್ತವರು ಗೇರುಬೀಜ ತಿನ್ನುವವರಲ್ಲ.

ಇಂದಿನ ನಮ್ಮ ಚೀಟಿಗಳು

ಹಳೆಯ ಕಥೆ ಬಿಟ್ಟು ಈಗಿನದನ್ನು ನೋಡೋಣ. ಬಂಟ್ವಾಳದ ಗದ್ದೆಯಲ್ಲಿ ಮಳೆಗಾಲದಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವನಿಗೆ ಜ್ವರ, ಮೀನಖಂಡ ನೋವು, ಕೆಂಪು ಕಣ್ಣು, ಆಮೇಲೆ ಕಾಮಾಲೆ. ಬರೇ ಕಾಮಾಲೆಯೆಂದು ನಾಟಿಮದ್ದು ಹುಡುಕಿದರೆ ನಾಲ್ಕು ದಿನದಲ್ಲಿ ಮೂತ್ರಪಿಂಡ ಕೆಡುತ್ತದೆ. ಗದ್ದೆಯ ಕೆಲಸ ಎಂಬ ಎರಡು ಶಬ್ದ ಚೀಟಿಯಲ್ಲಿದ್ದರೆ ವೈದ್ಯರಿಗೆ ಇಲಿ ಜ್ವರ ನೆನಪಾಗುತ್ತದೆ. ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಗಾಯದ ಮೂಲಕ ಬರುವ ಈ ರೋಗಕ್ಕೆ ಮೊದಲಲ್ಲೇ ಕೊಟ್ಟರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಔಷಧಿ ಸಾಕಾಗುತ್ತದೆ. ಹಾಗೆಯೇ ಪೊದೆ ಸವರುವವರಿಗೆ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರ ಉಂಟು. ಕಂಕುಳಲ್ಲೋ ಸೊಂಟದಲ್ಲೋ ಬೆಂಕಿಕಿಡಿ ತಾಗಿದಂಥ ಒಂದು ಕಪ್ಪು ಹಕ್ಕಳೆ ಇರುತ್ತದೆ. ಅಂಗಿ ಬಿಚ್ಚಿಸಿ ನೋಡದವರಿಗೆ ಅದು ಕಾಣದು. ಎಲ್ಲಿ ಕೆಲಸ ಎಂದು ಕೇಳಿದವರು ಮಾತ್ರ ಅಂಗಿ ಬಿಚ್ಚಿಸುತ್ತಾರೆ.

ಮೂಡಬಿದ್ರೆ, ಬಂಟ್ವಾಳದ ಕಡೆಯ ಮನೆ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿದ್ದಾರೆ, ಕಟ್ಟುತ್ತಿದ್ದಾರೆ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಎಳೆಯದ ಹೆಂಗಸಿಗೆ ತಲೆಸುತ್ತು, ಓಕರಿಕೆ, ಕೆಮ್ಮು. ಆಸ್ಪತ್ರೆಯಲ್ಲಿ ಧೂಮಪಾನ ಉಂಟೇ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತಾಳೆ, ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ತಂಬಾಕಿನ ನಿಕೋಟಿನ್ ಚರ್ಮದ ಮೂಲಕವೂ ಶರೀರ ಸೇರಬಲ್ಲದು, ಅದರ ಧೂಳು ಶ್ವಾಸಕ್ಕೂ ಹೋಗುತ್ತದೆ. ಕೆಲಸ ಏನು ಎಂದು ಕೇಳಿದರೆ "ಮನೆಯಲ್ಲೇ ಇರುವುದು" ಎಂದು ಅವಳೇ ಹೇಳುತ್ತಾಳೆ. ಯಾಕೆಂದರೆ ದಿನಕ್ಕೆ ನೂರಾರು ಬೀಡಿ ಕಟ್ಟುವುದನ್ನು ಕೆಲಸವೆಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಗೇರು ಕಾರ್ಖಾನೆಯಲ್ಲಿ ಬೀಜ ಒಡೆಯುವವಳ ಕೈಬೆರಳು ಸುಲಿದು ಕಪ್ಪಾಗುವುದು ಚರ್ಮರೋಗವೆಂದು ಮುಲಾಮು ಪಡೆಯುತ್ತದೆ. ಸಿಪ್ಪೆಯ ಎಣ್ಣೆಯೇ ಅದನ್ನು ಸುಟ್ಟದ್ದೆಂದು ಬರೆಯುವವರು ಕಡಿಮೆ.

ಹತ್ತಿ ಗಿರಣಿಗಳ ಇತಿಹಾಸ ಇನ್ನೂ ಸ್ಪಷ್ಟವಾದ ಪಾಠ. ಹತ್ತಿಯ ಧೂಳಿನಿಂದ ಬರುವ ಎದೆರೋಗದ ಮೊದಲ ಗುರುತೆಂದರೆ, ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಸೋಮವಾರದ ದಿನ ಎದೆ ಬಿಗಿಯುವುದು. ಮಂಗಳವಾರ ಬುಧವಾರ ಹಗುರವಾಗುತ್ತದೆ. ವರ್ಷಗಳು ಕಳೆದರೆ ಏಳು ದಿನವೂ ಬಿಗಿತ. ಎದೆಯ ಫೋಟೋ ತೆಗೆದರೆ ಮೊದಲಿಗೆ ಏನೂ ಕಾಣದು. ಯಾವ ದಿನ ಹೆಚ್ಚು ಎಂಬ ಒಂದು ಪ್ರಶ್ನೆ ಮಾತ್ರ ಅದನ್ನು ಹಿಡಿಯುತ್ತದೆ. ಆ ಪ್ರಶ್ನೆಗೆ ಒಂದು ಪೈಸೆಯ ಯಂತ್ರವೂ ಬೇಡ.

ಕಾನೂನು ಇಲ್ಲವೆಂದಲ್ಲ. ಕಾರ್ಖಾನೆಯ ಕೆಲಸಗಾರನಲ್ಲಿ ಪಟ್ಟಿಯಲ್ಲಿರುವ ವೃತ್ತಿರೋಗ ಕಂಡರೆ ವೈದ್ಯನು ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರಿಗೆ ವರದಿ ಮಾಡಬೇಕೆಂದು 1948ರ ಕಾರ್ಖಾನೆ ಕಾಯಿದೆಯ 89ನೆಯ ಕಲಮು ವಿಧಿಸಿತ್ತು. 2020ರ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿಯೂ ಅಂಥ ವಿಧಿಯನ್ನು ಇಟ್ಟಿದ್ದಾರೆ. ಆದರೆ ಕಸುಬನ್ನೇ ಬರೆಯದ ಚೀಟಿಯಿಂದ ವರದಿ ಹುಟ್ಟುವುದು ಹೇಗೆ? ಬೀಜವಿಲ್ಲದೆ ಬೆಳೆ ಕೇಳಿದಂತಾಯಿತು.

ಎದುರಿನ ಮಾತು

ವೈದ್ಯರು ಹೇಳುವುದನ್ನೂ ಕೇಳಬೇಕು. ತಾಲೂಕು ಆಸ್ಪತ್ರೆಯಲ್ಲಿ ಮಧ್ಯಾಹ್ನದೊಳಗೆ ನೂರಾರು ರೋಗಿಗಳು. ಒಬ್ಬರಿಗೆ ಎರಡು ನಿಮಿಷ ಸಿಗುವುದಿಲ್ಲ. ಇದರಲ್ಲಿ ಕಸುಬು-ಊರು ವಿಚಾರಿಸುತ್ತ ಕೂರುವುದು ಹೇಗೆ ಎನ್ನುತ್ತಾರೆ. ಅವರ ಕಷ್ಟ ನಿಜ. ಬೆಳ್ತಂಗಡಿಯ ಗುಡ್ಡೆಯಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬಂಟಿಯಾಗಿ ದುಡಿಯುವ ಎಳೆಯ ವೈದ್ಯೆಯ ಮೇಲೆ ನಮಗೆ ಕೋಪವಿಲ್ಲ. ಅವಳೂ ದುಡಿಯುವವಳೇ. ಆದರೆ ಚೀಟಿ ಬರೆಯುವ ಗುಮಾಸ್ತನಿಗೆ ಪ್ರಾಯ ಬರೆಯಲು ಹಿಡಿಯುವಷ್ಟೇ ಹೊತ್ತು ಕಸುಬು ಬರೆಯಲೂ ಹಿಡಿಯುತ್ತದೆ. ಒಂದು ಗೆರೆ ಹೆಚ್ಚು ಎಳೆದು ಚೀಟಿ ಅಚ್ಚು ಹಾಕಿಸಿದರೆ ತೀರಿತು. ಆ ಗೆರೆ ವೈದ್ಯರ ಹೊತ್ತನ್ನು ತಿನ್ನುವುದಿಲ್ಲ, ಉಳಿಸುತ್ತದೆ.

ಇನ್ನು ಕೆಲವರು ಬಡವರ ಮೇಲೆ ಪ್ರಯೋಗ ಮಾಡುತ್ತಾರೆಂದು ಸಂಶೋಧನೆಯನ್ನೇ ಬೇಡವೆನ್ನುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಮಂಗನ ಕಾಯಿಲೆಗೆ ಮೊದಲು ರಷ್ಯಾದ ಜ್ವರಕ್ಕೆಂದು ಮಾಡಿದ ಲಸಿಕೆಯನ್ನು ಹಾಕಿ ನೋಡಿದರು, ಫಲಿಸಲಿಲ್ಲ. ಮತ್ತೆ ನಮ್ಮ ರೋಗಾಣುವಿನಿಂದಲೇ ಲಸಿಕೆ ಮಾಡಿದರು. 1990ರಿಂದ ಅದನ್ನು ಹಳ್ಳಿಗಳಲ್ಲಿ ಪರೀಕ್ಷಿಸಿದಾಗ ಎರಡು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ 93ರಷ್ಟು ರಕ್ಷಣೆ ಕಂಡಿತು. 2005ರಿಂದ 2010ರ ತನಕದ ಲೆಕ್ಕ ತೆಗೆದಾಗ ಅದು 62ಕ್ಕೆ ಇಳಿದಿತ್ತು. ಈ ಎರಡನೆಯ ಲೆಕ್ಕವನ್ನು ಮುಚ್ಚಿಡದೆ ಪ್ರಕಟಿಸಿದ್ದು ವಿಜ್ಞಾನದ ಗೌರವ. ಆದರೆ ಅದನ್ನು ಓದಿ ಬೇಗ ಹೊಸ ಲಸಿಕೆ ಮಾಡಿಸಬೇಕಾಗಿದ್ದ ಸರಕಾರಗಳು ಏನು ಮಾಡಿದವು? 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜನ ಸತ್ತರು. 2022ರಲ್ಲಿ ಹಳೆಯ ಲಸಿಕೆಯೂ ನಿಂತುಹೋಯಿತು. ಹೊಸತು ಸಿದ್ಧವಾಗಿ ಕೈಗೆ ಬರುವ ಮೊದಲೇ ಹಳೆಯದು ಮುಗಿದು, ಕಾಡಂಚಿನ ಜನರ ಕೈಯಲ್ಲಿ ಉಳಿದದ್ದು ಉಣುಗು ಕಚ್ಚದಂತೆ ಮೈಗೆ ಸವರುವ ಡೇಪಾ ಎಂಬ ಎಣ್ಣೆ ಮಾತ್ರ. ಈ ನಡುವೆ ರೋಗ ಕೇರಳ, ತಮಿಳುನಾಡು, ಗೋವೆ, ಮಹಾರಾಷ್ಟ್ರಗಳಿಗೂ ಹಬ್ಬಿತು. ಗೋವೆ-ಮಹಾರಾಷ್ಟ್ರದ ಗಡಿಯಲ್ಲಿ ಅದು ಹಿಡಿದವರಲ್ಲಿ ಗೇರು ತೋಟದಲ್ಲಿ ಬೀಜ ಹೆಕ್ಕುವವರೂ ಇದ್ದರು. ಗೇರು ಮತ್ತು ಮಂಗನ ಕಾಯಿಲೆಯ ಸಂಬಂಧ ಅಲ್ಲಿಗೂ ಹೋಯಿತು. ಆದುದರಿಂದ ನಮ್ಮ ದೂರು ಸಂಶೋಧನೆ ಹೆಚ್ಚಾಯಿತೆಂದಲ್ಲ. ಅದು ನಡುದಾರಿಯಲ್ಲಿ ನಿಲ್ಲುತ್ತದೆ ಎಂಬುದೇ ದೂರು.

ಸಾಗರ ತಾಲೂಕಿನ ಹಂದಿಗೋಡು ಗ್ರಾಮದ ಕಥೆಯನ್ನೂ ನೆನೆಯಬೇಕು. 1970ರ ದಶಕದ ಮಧ್ಯದಲ್ಲಿ ಅಲ್ಲಿಯ ಬಡ ದಲಿತ ಕುಟುಂಬಗಳಲ್ಲಿ ಸೊಂಟ-ಮೊಣಕಾಲುಗಳ ಸಂಧಿ ಸವೆದು, ಬೆನ್ನು ಬಾಗಿ, ಜನ ನಡೆಯಲಾರದಾದುದು ಹೊರಜಗತ್ತಿಗೆ ತಿಳಿಯಿತು. ಗದ್ದೆಯ ಏಡಿ ತಿಂದು ಕೀಟನಾಶಕ ಮೈಸೇರಿತೇ ಎಂಬ ಸಂಶಯ ಮೊದಲು ಬಂತು. ಅನಂತರ ಅದು ವಂಶದಲ್ಲಿ ಬರುವ ಮೂಳೆರೋಗವೆಂದು ತಜ್ಞರು ಹೇಳಿದರು. ದೊಡ್ಡ ದೊಡ್ಡ ಸಂಸ್ಥೆಗಳು ಅಧ್ಯಯನ ಮಾಡಿದವು. ರೋಗಕ್ಕೆ ಊರಿನ ಹೆಸರು ಬಂತು, ಗುಣಪಡಿಸುವ ಔಷಧಿ ಬರಲಿಲ್ಲ. ಔಷಧಿಯಿಲ್ಲದಿರುವುದು ವಿಜ್ಞಾನದ ಮಿತಿ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಆದರೆ ಪಿಂಚಣಿ, ಮನೆಯೊಳಗೆ ಶೌಚಾಲಯ, ಕುಳಿತು ಮಾಡುವ ಕೆಲಸ, ಮಕ್ಕಳ ಓದು ಇವಕ್ಕೆ ವಿಜ್ಞಾನದ ಅಪ್ಪಣೆ ಬೇಕಿಲ್ಲ. ರಕ್ತ ಕೊಟ್ಟವನಿಗೆ ಇಷ್ಟಾದರೂ ಸಲ್ಲಬೇಕು.

ನಮ್ಮ ಬೇಡಿಕೆಗಳು

ಆದುದರಿಂದ ನಾವು ಕೇಳುವುದು ಇಷ್ಟು. ಒಂದು, ಈ ಮೂರು ಊರುಗಳ ಯಾವತ್ತೂ ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ಚೀಟಿಯಲ್ಲಿ ರೋಗಿಯ ಕಸುಬನ್ನೂ ಕೆಲಸದ ಸ್ಥಳವನ್ನೂ ಬರೆಯತಕ್ಕದ್ದು. ಬೀಡಿ ಕಟ್ಟುವುದನ್ನು ಗೃಹಕೃತ್ಯವೆಂದು ಬರೆಯಕೂಡದು. ಎರಡು, ನಮ್ಮ ಜನರನ್ನು ಪರೀಕ್ಷಿಸಿ ಮಾಡಿದ ಯಾವುದೇ ಅಧ್ಯಯನದ ಸಾರಾಂಶವನ್ನು ಕನ್ನಡದಲ್ಲಿ ಬರೆದು ಆಯಾ ಗ್ರಾಮ ಪಂಚಾಯತಿಗೆ ಕೊಡಬೇಕು, ಗ್ರಾಮಸಭೆಯಲ್ಲಿ ತುಳುವಿನಲ್ಲಿ ಓದಿ ಹೇಳಬೇಕು. ಮೂರು, ಒಪ್ಪಿಗ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮೊದಲು ಅದರಲ್ಲಿರುವುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಔಷಧಿಯ ಪ್ರಯೋಗದಲ್ಲಿ ಅಪಾಯವಾದರೆ ಪುಕ್ಕಟೆ ಚಿಕಿತ್ಸೆಯೂ ಪರಿಹಾರವೂ ಸಿಗಬೇಕೆಂದು 2019ರ ನಿಯಮಗಳೇ ಹೇಳುತ್ತವೆ. ಪ್ರಯೋಗಕ್ಕೆ ಅನುಮತಿ ಕೊಡುವ ನೀತಿ ಸಮಿತಿಯಲ್ಲಿ ವೈದ್ಯರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕೆಂದೂ ಅದೇ ನಿಯಮ ಹೇಳುತ್ತದೆ. ಆ ಕುರ್ಚಿಯಲ್ಲಿ ಒಬ್ಬ ಬೀಡಿ ಕಾರ್ಮಿಕಳೋ ಕಾರ್ಖಾನೆಯ ಕೆಲಸಗಾರನೋ ಯಾಕೆ ಕುಳಿತುಕೊಳ್ಳಬಾರದು? ನಾಲ್ಕು, ಕಾಡಂಚಿನಲ್ಲಿ ಕೆಲಸ ಕೊಡುವ ಯಾವ ಇಲಾಖೆಯಾಗಲಿ ಗುತ್ತಿಗೆದಾರನಾಗಲಿ, ಡಿಸೆಂಬರಿಗೆ ಮೊದಲೇ ಎಣ್ಣೆಯನ್ನೂ ತಿಳುವಳಿಕೆಯನ್ನೂ ಕೊಟ್ಟ ಮೇಲೆಯೇ ಕೆಲಸ ಶುರು ಮಾಡಬೇಕು.

ಅಂಗಡಿಯ ಬಂಧುಗಳಿಗೆ ಒಂದು ಮಾತು. ಊರಿಗೆ ರೋಗ ಬಂದುದು ಆಸ್ಪತ್ರೆಗಿಂತ ಮೊದಲು ನಿಮ್ಮ ಕಡದ ಪುಸ್ತಕಕ್ಕೆ ಗೊತ್ತಾಗುತ್ತದೆ. ವಾರ ವಾರ ಬಾಕಿ ತೀರಿಸುತ್ತಿದ್ದ ಮನೆಯವರು ಒಮ್ಮೆಲೇ ಅಕ್ಕಿ ಬಿಟ್ಟು ಗಂಜಿಯ ನುಚ್ಚು ಕಡ ಕೇಳುತ್ತಾರೆ. ಒಂದು ಕಡೆಯ ಮೂರು-ನಾಲ್ಕು ಮನೆಗಳಲ್ಲಿ ಹೀಗಾದರೆ, ಗುಡ್ಡೆಯಲ್ಲಿ ಮಂಗ ಸತ್ತ ಸುದ್ದಿ ಕೇಳಿದರೆ, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಕೂಡಲೇ ಹೇಳಿರಿ. ಸತ್ತ ಮಂಗವನ್ನು ಮುಟ್ಟಬೇಡಿರಿ, ಮುಟ್ಟಲು ಬಿಡಬೇಡಿರಿ. ಅದರ ಮೈಯಿಂದ ಇಳಿದ ಉಣುಗು ಸುತ್ತಲೂ ಇರುತ್ತದೆ.

ಕಾರ್ಮಿಕ ಬಂಧುಗಳಿಗೂ ಒಂದು ಮಾತು. ಚೀಟಿಯಲ್ಲಿ ಗೆರೆ ಬರುವ ತನಕ ಕಾಯಬೇಡಿರಿ. ವೈದ್ಯರ ಮುಂದೆ ಕುಳಿತ ಕೂಡಲೇ, ಕೇಳಲಿ ಬಿಡಲಿ, ನೀವಾಗಿ ಹೇಳಿರಿ: ನಾನು ಇಂಥ ಕಡೆ, ಇಂಥ ಕೆಲಸ, ಇಷ್ಟು ವರ್ಷದಿಂದ ಮಾಡುತ್ತಿದ್ದೇನೆ, ನನ್ನ ಜತೆಯವರಲ್ಲಿ ಇಷ್ಟು ಮಂದಿಗೆ ಹೀಗೆಯೇ ಆಗಿದೆ. ನಾಚಿಕೆ ಬೇಡ. ಮಲಗುಂಡಿಯ ಕೆಲಸಗಾರ ಹೇಳಿದ ಒಂದು ಮಾತಿನಿಂದ ಒಂದು ಶಾಸ್ತ್ರವೇ ಹುಟ್ಟಿತು. ನಿಡ್ಲೆಯ ಕಾಡಿನಲ್ಲಿ ಮೊದಲು ಮಲಗಿದ ಕೂಲಿಯ ಮಾತನ್ನು ಅದೇ ವಾರ ಯಾರಾದರೂ ಬರೆದುಕೊಂಡು, ಮೇಲಿನವರೆಗೆ ಮುಟ್ಟಿಸಿ, ಕೆಲಸ ನಿಲ್ಲಿಸಿದ್ದರೆ ಎಷ್ಟೋ ಮನೆಗಳಲ್ಲಿ ದೀಪ ಉಳಿಯುತ್ತಿತ್ತು.